ಬೈಕಿಗೆ ಹೀಟೆಡ್ ಗ್ರಿಪ್ ಹಾಕಿಸುವವರೇ, ಟೇಪ್ ಸುತ್ತುವ ಮುಂಚೆ ವೈರಿಂಗ್ ನೋಡಿ

ಬೈಕಿಗೆ ಹೀಟೆಡ್ ಗ್ರಿಪ್, ಅಂದರೆ ಚಳಿಯಲ್ಲಿ ಕೈ ಬೆಚ್ಚಗಿಡುವ ಕರೆಂಟ್ ಹಿಡಿ, ಹಾಕಿಸಬೇಕು ಅಂತಿದ್ದೀರಾ? ದಯವಿಟ್ಟು ಇದನ್ನು ಪೂರ್ತಿ ಓದಿ, ಆಮೇಲೆ ಗ್ಯಾರೇಜಿಗೆ ಗಾಡಿ ಬಿಡಿ. ನನ್ನ ದುಡ್ಡು ಹೋಯಿತು, ಬ್ಯಾಟರಿ ಹೋಯಿತು, ಒಂದು ತಿರುವಿನಲ್ಲಿ ಜೀವವೇ ಹೋಗುವುದರಲ್ಲಿತ್ತು. ಸಿಟ್ಟು ಇನ್ನೂ ಇಳಿದಿಲ್ಲ. ಹೇಳಿದ್ದನ್ನೇ ಹೇಳಿದರೆ ಸಹಿಸಿಕೊಳ್ಳಿ.

ಗ್ರಿಪ್ ಕಿಟ್ ನಾನೇ ತಂದು ಮೆಕ್ಯಾನಿಕ್‌ಗೆ ಕೊಟ್ಟಿದ್ದೆ. ಎರಡೂ ಸೇರಿ 36 ವ್ಯಾಟ್, ಅಂದರೆ 12 ವೋಲ್ಟಿನಲ್ಲಿ 3 ಆಂಪ್ ಎಳೆಯುತ್ತೆ. ಕಿಟ್ ಜೊತೆಗೇ 5 ಆಂಪ್ ಫ್ಯೂಸು, ಅದರ ಹೋಲ್ಡರ್ ಎರಡೂ ಇತ್ತು. ರಿಲೇ ಒಂದನ್ನು, ಅಂದರೆ ಕೀ ಆನ್ ಇದ್ದಾಗ ಮಾತ್ರ ಗ್ರಿಪ್ಪಿಗೆ ಕರೆಂಟ್ ಬಿಡುವ ಸ್ವಿಚ್ಚನ್ನು, ಅವನು ಹಾಕಬೇಕಿತ್ತು. ನಾನು ಹೇಳಿದ್ದು ಇಷ್ಟೇ: ಬ್ಯಾಟರಿಯಿಂದ ಫ್ಯೂಸ್ ದಾಟಿ ರಿಲೇಗೆ, ರಿಲೇಯಿಂದ ಗ್ರಿಪ್ಪಿಗೆ. ರಿಲೇ ಆನ್ ಆಗೋಕೆ ಟೈಲ್ ಲೈಟ್ ವೈರಿನಿಂದ ಒಂದು ಎಳೆ ತಗೋ, ಕೀ ತೆಗೆದ ಕೂಡಲೇ ಗ್ರಿಪ್ ಆಫ್ ಆಗಬೇಕು. "ಗೊತ್ತು ಸಾರ್, ದಿನಾ ಮಾಡೋ ಕೆಲಸ" ಅಂದ.

ಬಿಲ್ಲಿನಲ್ಲಿ ರಿಲೇ, ಸಾಕೆಟ್, ಫ್ಯೂಸ್ ಕೆಲಸ, ವೈರಿಂಗ್ ಕೂಲಿ ಎಲ್ಲ ಬೇರೆ ಬೇರೆ ಬರೆದಿದ್ದ. ಸೀಟು ಎತ್ತಿ ತೋರಿಸಿದ. ಬ್ಯಾಟರಿ ಪಕ್ಕ ಹೊಚ್ಚಹೊಸ ರಿಲೇ, ಬೋಲ್ಟ್ ಹಾಕಿ ಕೂರಿಸಿದ್ದಾನೆ, ವೈರಿಗೆಲ್ಲ ಕಪ್ಪು ಟೇಪು, ನೋಡೋಕೆ ಒಂದು ಕೊಂಕೂ ಇಲ್ಲ. ಗ್ರಿಪ್ಪೂ ಬಿಸಿ ಆಯಿತು. ದುಡ್ಡು ಕೊಟ್ಟು ಬಂದೆ. ಬಂದವನು ಸುಮ್ಮನಿರಲಿಲ್ಲ, ಸ್ನೇಹಿತನಿಗೂ ಅಲ್ಲೇ ಹೋಗು, ಕೆಲಸ ಬಹಳ ಚೊಕ್ಕ ಅಂತ ಹೇಳಿದೆ. ಈಗ ಅವನಿಗೆ ಮುಖ ತೋರಿಸೋಕೆ ನಾಚಿಕೆ.

ಸ್ವಲ್ಪ ದಿನಕ್ಕೇ ಬೆಳಗ್ಗೆ ಸ್ಟಾರ್ಟರ್ ಒತ್ತಿದರೆ ಬರೀ ಕಟ ಕಟ ಸದ್ದು. ಫೋನ್ ಮಾಡಿದೆ. "ಚಳಿಗೆ ಬ್ಯಾಟರಿ ಹಾಗೇ ಸಾರ್." ಚಾರ್ಜ್ ಮಾಡಿಸಿದೆ, ಮತ್ತೆ ಅದೇ ಕಥೆ. ಈ ಸಲ ಏನಂದ ಗೊತ್ತಾ? "ನೀವು ಗ್ರಿಪ್ ಆಫ್ ಮಾಡೋದು ಮರೀತಿದ್ದೀರಿ." ಕೀ ತೆಗೆದ ಮೇಲೆ ನಾನ್ಯಾಕೆ ಆಫ್ ಮಾಡಬೇಕು? ಮತ್ತೆ ರಿಲೇ ಇರೋದು ಯಾಕೆ? ಅದಕ್ಕೆ ಉತ್ತರ ಇಲ್ಲ. "ಬ್ಯಾಟರಿ ವೀಕ್ ಆಗಿದೆ, ಬದಲಾಯಿಸಿಬಿಡಿ" ಅಂದ. ಹೊಸ ಬ್ಯಾಟರಿಯನ್ನೂ ಅವನೇ ಮಾರಿದ! ಅದೂ ಮಲಗಿತು.

ಇದರ ನಡುವೆ ಇನ್ನೊಂದು. ಗಾಡಿ ಯೂ ಟರ್ನ್ ಹೊಡೆಯುತ್ತಿದ್ದೆ, ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿತ್ತು. ನಾನು ಆಕ್ಸಿಲರೇಟರ್ ತಿರುಗಿಸಿಲ್ಲ, ಎಂಜಿನ್ ತಾನಾಗೇ ರೈಸ್ ಆಯಿತು. ಕ್ಲಚ್ ಹಿಡಿದಿದ್ದಕ್ಕೆ ಉಳಿದೆ. ನೋಡಿದರೆ ಬಲಗೈ ಗ್ರಿಪ್ಪಿನ ವೈರಿಗೆ ಒಂದಿಷ್ಟೂ ಸಡಿಲ ಬಿಟ್ಟಿಲ್ಲ. ಹ್ಯಾಂಡಲ್ ಕೊನೆತನಕ ತಿರುಗಿದಾಗ ವೈರು ಬಿಗಿದುಕೊಂಡು ಗ್ರಿಪ್ಪನ್ನೇ ಎಳೆಯುತ್ತಿತ್ತು. ಬಲಗಡೆ ಗ್ರಿಪ್ ಕೂರೋದು ಆಕ್ಸಿಲರೇಟರ್ ಟ್ಯೂಬಿನ ಮೇಲೆ, ಅದು ತಿರುಗುತ್ತೆ, ಅಲ್ಲಿ ವೈರು ಒಂದು ಸುತ್ತು ಸಡಿಲ ಇರಬೇಕು. ದಿನಾ ಮಾಡೋ ಕೆಲಸ ಅಂದವನಿಗೆ ಇದು ಗೊತ್ತಿಲ್ಲವಾ?

ಅವತ್ತೇ ಮನೆಯಲ್ಲಿ ಸೀಟು ತೆಗೆದು ಟೇಪ್ ಬಿಚ್ಚೋಕೆ ಕೂತೆ. ರಿಲೇ ಸಾಕೆಟ್ಟಿನಿಂದ ನಾಲ್ಕು ವೈರು ಟೇಪಿನ ಒಳಗೆ ಹೋಗುತ್ತಿದ್ದವು. ಬೆರಳುದ್ದ ಬಿಚ್ಚಿದೆನೋ ಇಲ್ಲವೋ, ನಾಲ್ಕೂ ವೈರು ಅಲ್ಲಿಗೇ ಮುಗಿದಿವೆ. ಕತ್ತರಿಸಿದ ತುದಿಯಲ್ಲಿ ತಾಮ್ರ ಇನ್ನೂ ಹೊಳೆಯುತ್ತಿದೆ, ಯಾವುದೂ ಎಲ್ಲಿಗೂ ಸೇರಿಲ್ಲ. ರಿಲೇ ಬರೀ ತೋರಿಸೋಕೆ! ಗ್ರಿಪ್ಪಿನ ಕೆಂಪು ವೈರು ನೇರವಾಗಿ ಬ್ಯಾಟರಿ ಪ್ಲಸ್‌ಗೆ ಹೋಗಿದೆ, ಅದಕ್ಕೇ ಕೀ ತೆಗೆದರೂ ಬ್ಯಾಟರಿ ಇಳಿಯುತ್ತಿತ್ತು. ಕಿಟ್ಟಿನಲ್ಲಿ ಬಂದಿದ್ದ ಫ್ಯೂಸ್ ಹೋಲ್ಡರನ್ನೂ ಕತ್ತರಿಸಿ ತೆಗೆದು, ಎರಡು ತುದಿ ಹೊಸೆದು ಟೇಪ್ ಸುತ್ತಿದ್ದಾನೆ. ತುಂಬಾ ಹೊತ್ತು ಆ ವೈರು ಕೈಯಲ್ಲಿ ಹಿಡಿದು ಹಾಗೇ ಕೂತಿದ್ದೆ. ಕೆಲಸ ಬರದೆ ಹೀಗೆ ಮಾಡಿದ್ದಲ್ಲ ಇದು. ಕೂತು ರಿಲೇಗೆ ಬೋಲ್ಟ್ ಹಾಕಿ, ವೈರು ಕತ್ತರಿಸಿ, ಕಾಣದ ಹಾಗೆ ಟೇಪ್ ಸುತ್ತಿದ್ದಾನೆ. ಅಷ್ಟು ಹೊತ್ತಿನಲ್ಲಿ ಸರಿಯಾಗೇ ಜೋಡಿಸಬಹುದಿತ್ತು.

ಫ್ಯೂಸ್ ಇಲ್ಲ ಅಂದರೆ ಏನು ಅಂತ ಯೋಚಿಸಿ. ಹ್ಯಾಂಡಲ್ ತಿರುಗುವ ಜಾಗದಲ್ಲಿ ವೈರು ಉಜ್ಜಿ, ಸಿಪ್ಪೆ ಹೋಗಿ ಚಾಸಿಗೆ ತಗುಲಿದರೆ ತಡೆಯೋಕೆ ಏನೂ ಇಲ್ಲ, ಬ್ಯಾಟರಿಯ ಕರೆಂಟ್ ಪೂರ್ತಿ ಆ ಸಣ್ಣ ವೈರಿನಲ್ಲೇ ಹರಿದು ಅದು ಕಾದು ಕೆಂಪಗಾಗುತ್ತೆ. ಅದನ್ನು ಅವನು ಎಳೆದಿರೋದು ಪೆಟ್ರೋಲ್ ಟ್ಯಾಂಕ್ ಕೆಳಗೆ.

ಫೋಟೋ ತೆಗೆದುಕೊಂಡು ಹೋದೆ. "ಹುಡುಗ ಮಾಡಿರಬೇಕು ಸಾರ್." ಬಿಲ್ಲು ಬರೆದಿದ್ದು ಹುಡುಗನಾ ಅಂದೆ. ಆಗ ಅಂದ ಮಾತು ಇನ್ನೂ ಕಿವಿಯಲ್ಲಿದೆ: "ಗ್ರಿಪ್ ಬಿಸಿ ಆಗ್ತಿತ್ತು ತಾನೇ? ಮತ್ತೇನು ನಿಮ್ದು?" ಮತ್ತೇನು ಅಂತೆ! ಜೋಡಿಸದ ರಿಲೇಗೆ ದುಡ್ಡು ಇಸ್ಕೊಂಡು, ಇದ್ದ ಫ್ಯೂಸ್ ಕಿತ್ತು ಹಾಕಿ, ಮತ್ತೇನು ಅಂತ ನನ್ನನ್ನೇ ಕೇಳುತ್ತಾನೆ. ಕೊನೆಗೆ, "ಟೇಪ್ ಬಿಚ್ಚಿದ್ದು ನೀವು. ನೀವೇ ಕೈ ಹಾಕಿದ ಮೇಲೆ ಗ್ಯಾರಂಟಿ ಇಲ್ಲ" ಅಂತ ಒಳಗೆ ಹೋದ.

ನೀವು ಇಷ್ಟು ಮಾಡಿ. ಟೇಪ್ ಸುತ್ತುವ ಮುಂಚೆ ಪ್ರತಿ ಜಾಯಿಂಟಿನ ಫೋಟೋ ಕೇಳಿ, ಕೊಡಲ್ಲ ಅಂದರೆ ಗಾಡಿ ವಾಪಸ್ ತನ್ನಿ. ಗ್ರಿಪ್ ಬಿಸಿ ಇರುವಾಗ ಅವನ ಎದುರಿಗೇ ಫ್ಯೂಸ್ ಕೀಳಿ, ಗ್ರಿಪ್ ಸತ್ತಿತಾ ನೋಡಿ. ಮತ್ತೆ ಹಾಕಿ ಕೀ ತೆಗೆಯಿರಿ, ಆಗಲೂ ಸಾಯಬೇಕು. ಎಂಜಿನ್ ಆನ್ ಇಟ್ಟು ನ್ಯೂಟ್ರಲ್‌ನಲ್ಲಿ ಹ್ಯಾಂಡಲ್ ಎರಡೂ ಕಡೆ ಕೊನೆತನಕ ತಿರುಗಿಸಿ, ಸದ್ದು ಏರಬಾರದು. ಆಕ್ಸಿಲರೇಟರ್ ತಿರುಗಿಸಿ ಬಿಟ್ಟರೆ ಟಪ್ ಅಂತ ವಾಪಸ್ ಬರಬೇಕು. ಇದೆಲ್ಲ ಆಗುವ ತನಕ ದುಡ್ಡು ಕೊಡಬೇಡಿ. ರಿಲೇ ಕಣ್ಣಿಗೆ ಕಂಡಿತು ಅಂತ ನಂಬಬೇಡಿ, ನನಗೂ ಕಂಡಿತ್ತು.

ವೈರಿಂಗ್ ಪೂರ್ತಿ ಕಿತ್ತು ಬೇರೆಯವರ ಹತ್ತಿರ ಮಾಡಿಸಿದೆ, ಅದೇ ರಿಲೇ, ಅದೇ ಗ್ರಿಪ್, ಈಗ ಬ್ಯಾಟರಿ ಒಂದು ದಿನವೂ ಇಳಿದಿಲ್ಲ. ಅವನು ಮಾತ್ರ ದುಡ್ಡು ವಾಪಸ್ ಕೊಟ್ಟಿಲ್ಲ, ಫೋನೂ ಎತ್ತುತ್ತಿಲ್ಲ. ಬಿಲ್ಲು, ಫೋಟೋ ಎರಡೂ ಇಟ್ಟುಕೊಂಡಿದ್ದೇನೆ, ಗ್ರಾಹಕರ ದೂರು ಕೊಡುತ್ತೇನೆ.