ಪ್ಯಾಸ್ಕಲ್‌ಗೆ ಮರಳಿದಾಗ: ಲಾಜರಸ್ ಬಳಸಿದ ಅನುಭವ

ಹಲವು ವರ್ಷ ಪೈಥಾನ್ ಮತ್ತು ಜಾವಾಸ್ಕ್ರಿಪ್ಟ್‌ಗಳಲ್ಲೇ ಕೆಲಸ ಮಾಡಿದ ಮೇಲೆ, ಒಂದು ಸಣ್ಣ ಗ್ರಂಥಾಲಯದ ಪುಸ್ತಕಗಳ ಲೆಕ್ಕವಿಡುವ ತಂತ್ರಾಂಶಕ್ಕಾಗಿ ನಾನು ಮತ್ತೆ ಪ್ಯಾಸ್ಕಲ್ ಕಡೆಗೆ ತಿರುಗಿದೆ. ನಿಕ್ಲಾಸ್ ವಿರ್ತ್ 1970ರ ಸುಮಾರಿಗೆ ರೂಪಿಸಿದ ಈ ಭಾಷೆಯನ್ನು ಇಂದು ಹಣ ತೆರದೆ ಬಳಸಲು ಇರುವ ಅತ್ಯುತ್ತಮ ದಾರಿಯೆಂದರೆ ಫ್ರೀ ಪ್ಯಾಸ್ಕಲ್ ಕಂಪೈಲರ್ (ಬರೆದ ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವ ತಂತ್ರಾಂಶ) ಮತ್ತು ಅದನ್ನು ಆಧರಿಸಿ ತಂತ್ರಾಂಶ ರೂಪಿಸಲು ನೆರವಾಗುವ ಲಾಜರಸ್. ಪ್ಯಾಸ್ಕಲ್ ಆಧಾರಿತ ವಾಣಿಜ್ಯ ಸಾಧನವಾದ ಡೆಲ್ಫಿ ಬಳಸಿದವರಿಗೆ ಲಾಜರಸ್ ಹೊಸದೆನಿಸದು: ಫಾರ್ಮಿನ ಮೇಲೆ ಬಟನ್, ಗ್ರಿಡ್‌ಗಳನ್ನು ಜೋಡಿಸಿ ಅವುಗಳಿಗೆ ಕೋಡ್ ಬರೆಯುತ್ತ ಹೋದರೆ, ಅದೇ ಕೋಡಿನಿಂದ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ತಂತ್ರಾಂಶ ಸಿದ್ಧಪಡಿಸಬಹುದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಭಾಷೆಯ ಕಟ್ಟುನಿಟ್ಟು. ತಿಂಗಳೆಂದರೆ 1ರಿಂದ 12ರವರೆಗಿನ ಸಂಖ್ಯೆಯೆಂದು ಒಂದು ಟೈಪನ್ನೇ ಇಲ್ಲಿ ಘೋಷಿಸಬಹುದು. ಸಂಖ್ಯೆ ಈ ಮಿತಿಯೊಳಗಿದೆಯೇ ಎಂದು ನೋಡುವ ರೇಂಜ್ ಚೆಕ್ ಆನ್ ಆಗಿದ್ದರೆ, ಅದರಲ್ಲಿ 13 ಎಂದು ಬರೆದ ಸಾಲನ್ನು ಕಂಪೈಲರ್ ತಿರಸ್ಕರಿಸುತ್ತದೆ, ಬಳಕೆದಾರರು ಕೊಟ್ಟ ತಪ್ಪು ಸಂಖ್ಯೆ ಪ್ರೋಗ್ರಾಮ್ ಓಡುವಾಗ ಸಿಕ್ಕಿಬೀಳುತ್ತದೆ. ಪೈಥಾನ್‌ನಲ್ಲಿ ಇದಕ್ಕೆಲ್ಲ ನಾನು ಅಲ್ಲಲ್ಲಿ ಷರತ್ತುಗಳನ್ನು ಬರೆಯುತ್ತಿದ್ದೆ. ಇಷ್ಟು ಒಳ್ಳೆಯ ತಪಾಸಣೆಯನ್ನು ಕಂಪೈಲರ್ ತಾನಾಗಿಯೇ ಆನ್ ಮಾಡುವುದಿಲ್ಲ ಎಂಬುದು ಬೇಸರದ ಸಂಗತಿ. ಹೊಸಬರು ಮೊದಲು ಬದಲಿಸಬೇಕಾದ ಸೆಟ್ಟಿಂಗ್ ಇದೇ.

ಕಂಪೈಲ್ ಆಗುವ ವೇಗ ನಿಜಕ್ಕೂ ಸಂತೋಷ ಕೊಡುತ್ತದೆ. ಗ್ರಂಥಾಲಯದ ಹಳೆಯ ಕಂಪ್ಯೂಟರಿಗೆ ಒಂದು ಇಎಕ್ಸ್‌ಇ ಕಡತವನ್ನೂ ಮಾಹಿತಿ ಸಂಗ್ರಹಿಸುವ ಡೇಟಾಬೇಸ್ ಆದ ಎಸ್‌ಕ್ಯೂಲೈಟ್‌ನ ಒಂದು ಡಿಎಲ್‌ಎಲ್ ಕಡತವನ್ನೂ ನಕಲಿಸಿದರೆ ಸಾಕಾಯಿತು. ಮೊದಲ ಬಿಲ್ಡ್‌ನ ಗಾತ್ರ ದೊಡ್ಡದಾಗಿ ಕಂಡರೆ ಅದರಲ್ಲಿ ಬಹುಪಾಲು ದೋಷ ಹುಡುಕಲು ನೆರವಾಗುವ ಡೀಬಗ್ ಮಾಹಿತಿ, ಅದನ್ನು ತೆಗೆದುಹಾಕಬಹುದು.

ಕನ್ನಡದಲ್ಲಿ ಶೀರ್ಷಿಕೆಗಳನ್ನು ಸಂಗ್ರಹಿಸುವವರು ಒಂದು ವಿಷಯ ಗಮನಿಸಬೇಕು. ಲಾಜರಸ್ ಸ್ಟ್ರಿಂಗ್‌ಗಳನ್ನು (ಪಠ್ಯವನ್ನು) ಯುಟಿಎಫ್-8 ಎಂಬ ಯೂನಿಕೋಡ್ ಸಂಕೇತ ಪದ್ಧತಿಯಲ್ಲಿ ಇಡುವುದರಿಂದ, "ಕನ್ನಡ" ಎಂಬ ಪದದ ಉದ್ದವನ್ನು ಸಾಮಾನ್ಯ ಲೆಂತ್ ಫಂಕ್ಷನ್ 15 ಬೈಟ್ ಎನ್ನುತ್ತದೆ, ಯುಟಿಎಫ್8ಲೆಂತ್ ಫಂಕ್ಷನ್ 5 ಕೋಡ್‌ಪಾಯಿಂಟ್ (ಯೂನಿಕೋಡ್ ಸಂಕೇತ) ಎನ್ನುತ್ತದೆ, ಓದುವವರ ಕಣ್ಣಿಗೆ ಇರುವುದು 3 ಅಕ್ಷರ. ಶೀರ್ಷಿಕೆಯನ್ನು ಮೊಟಕುಗೊಳಿಸುವ ಕೋಡನ್ನು ಎಚ್ಚರದಿಂದ ಬರೆಯದಿದ್ದರೆ ಒತ್ತಕ್ಷರ ಮಧ್ಯದಲ್ಲೇ ಮುರಿಯುತ್ತದೆ. ಇದು ಪ್ಯಾಸ್ಕಲ್‌ಗೆ ಮಾತ್ರ ಸೀಮಿತವಾದ ತೊಡಕಲ್ಲವಾದರೂ, ಅಕ್ಷರಗಳನ್ನು ಎಣಿಸುವ ಸೌಲಭ್ಯ ಸಿದ್ಧವಾಗಿ ಸಿಕ್ಕಿದ್ದರೆ ಚೆನ್ನಾಗಿತ್ತು.

ಕೊರತೆಗಳೂ ಇವೆ. ಕ್ಲಾಸ್‌ಗಳಿಂದ ಸೃಷ್ಟಿಸಿದ ಆಬ್ಜೆಕ್ಟ್‌ಗಳನ್ನು ಸಾಮಾನ್ಯವಾಗಿ ನಾವೇ ಮೆಮೊರಿಯಿಂದ ಬಿಡುಗಡೆ ಮಾಡಬೇಕು. 2021ರಲ್ಲಿ ಬಂದ ಫ್ರೀ ಪ್ಯಾಸ್ಕಲ್ 3.2.2 ಆವೃತ್ತಿಯಲ್ಲಿ ಹೆಸರಿಲ್ಲದ ಫಂಕ್ಷನ್‌ಗಳಿಲ್ಲ, ಜಾವಾಸ್ಕ್ರಿಪ್ಟ್‌ನಿಂದ ಬಂದವರಿಗೆ ಇದು ಪದೇ ಪದೇ ಕಾಡುತ್ತದೆ. ಫಾರ್ಮಿನಲ್ಲಿ ಬಳಸುವ ಹೊಸ ಕಾಂಪೊನೆಂಟ್‌ಗಳ ಪ್ಯಾಕೇಜನ್ನು ಅಳವಡಿಸಲು ಲಾಜರಸ್ಸನ್ನೇ ಮರುಕಂಪೈಲ್ ಮಾಡಬೇಕಾಗುತ್ತದೆ, ಆದರೆ ಆ ಕೆಲಸ ಬೇಗನೆ ಮುಗಿಯುತ್ತದೆ. ವೆಬ್ ಸೇವೆಗಳಿಗೆ ನಾನು ಈಗಲೂ ಪೈಥಾನನ್ನೇ ಬಳಸುತ್ತೇನೆ. ಇಂಟರ್ನೆಟ್ ಇಲ್ಲದ ಕಡೆ, ಹಳೆಯ ಯಂತ್ರದ ಮೇಲೆ ವರ್ಷಗಟ್ಟಲೆ ಓಡಬೇಕಾದ ಡೆಸ್ಕ್‌ಟಾಪ್ ತಂತ್ರಾಂಶಕ್ಕೆ ಮಾತ್ರ ಇನ್ನು ಮುಂದೆ ಮೊದಲು ತೆರೆಯುವುದು ಲಾಜರಸ್ಸನ್ನೇ.