ಲೋಯರ್ ಆರ್ಮ್ ಬುಶ್: ಎರಡು ಮಳೆಗಾಲ ಕಳೆದ ಮೇಲೆ

ಮುಂದಿನ ಚಕ್ರಗಳ ಲೋಯರ್ ಆರ್ಮ್ ಬುಶ್‌ಗಳನ್ನು ಬದಲಾಯಿಸಿ ಎರಡು ಮಳೆಗಾಲ ಕಳೆದಿವೆ. ಚಕ್ರವನ್ನು ಕಾರಿನ ಅಡಿಚೌಕಟ್ಟಿಗೆ ಹಿಡಿದಿಡುವ ತೋಳೇ ಲೋಯರ್ ಆರ್ಮ್; ಅದು ಚೌಕಟ್ಟಿಗೆ ಸೇರುವಲ್ಲಿ ಮುಂದೊಂದು, ಹಿಂದೊಂದು ಇರುವ ರಬ್ಬರ್ ತುಂಬಿದ ಉರುಟು ಭಾಗವೇ ಬುಶ್. ಕಾರು ಹತ್ತು ವರ್ಷ ದಾಟಿದ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಓಡಾಟವೆಲ್ಲ ಬೆಂಗಳೂರಿನ ಒಳರಸ್ತೆಗಳಲ್ಲಿ, ರಜೆ ಸಿಕ್ಕರೆ ಶಿರಾಡಿ ಘಾಟಿ ಇಳಿದು ಪುತ್ತೂರಿಗೆ. ಹಾಕಿಸಿದ್ದು ಕಾರಿನ ಕಂಪನಿಯದೇ ರಬ್ಬರ್ ಬುಶ್. ಇಂದಿಗೂ ಸದ್ದಿಲ್ಲ. ಹಾಗೆಂದು ಹೊಗಳಿಕೆಯನ್ನೆಲ್ಲ ಬುಶ್‌ಗೇ ಕೊಡಲಾರೆ. ಇಂಥದೇ ಬುಶ್ ಅನ್ನು ಅದಕ್ಕೂ ಮೊದಲು ಬೇರೊಂದು ಗ್ಯಾರೇಜಿನಲ್ಲಿ ಹಾಕಿಸಿದ್ದೆ. ವರ್ಷ ತುಂಬುವುದರೊಳಗೆ ಅದು ಹರಿದಿತ್ತು.

ಹಂಪ್ ಇಳಿಯುವಾಗ ಎಡಗಡೆಯಿಂದ ‘ಕಟಕ್’ ಎನ್ನುತ್ತಿತ್ತು. ರಿವರ್ಸ್‌ನಲ್ಲಿ ಬಂದು ಬ್ರೇಕ್ ಒತ್ತಿದರೆ ಇನ್ನೊಂದು ‘ಕಟಕ್’. ಮುಂದೆ ಹೋಗುತ್ತ ಬ್ರೇಕ್ ಹಿಡಿದಾಗ ನೆಲ ಚಕ್ರವನ್ನು ಹಿಂದಕ್ಕೆ ತಳ್ಳುತ್ತದೆ, ರಿವರ್ಸ್‌ನಲ್ಲಿ ಮುಂದಕ್ಕೆ; ಆರ್ಮ್ ಅದನ್ನು ತಡೆದು ಹಿಡಿಯಬೇಕು. ನಡುವಿನ ರಬ್ಬರ್ ಹರಿದಿದ್ದರೆ ಆರ್ಮ್ ಜರುಗಿ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಮುಂಭಾಗದ ಸದ್ದು ಎಂದೊಡನೆ ಲಿಂಕ್ ರಾಡ್ ಬದಲಿಸಿ ಎನ್ನುವವರೇ ಹೆಚ್ಚು, ಆಮೇಲೆ ಶಾಕ್ ಅಬ್ಸಾರ್ಬರ್. ಈ ಸಲದ ಮೆಕ್ಯಾನಿಕ್ ಏನನ್ನೂ ಬಿಚ್ಚುವ ಮೊದಲೇ ಕಾರನ್ನು ಎತ್ತಿ, ಆರ್ಮ್ ಮತ್ತು ಅದು ಸೇರುವ ಅಡ್ಡ ತೊಲೆಯಾದ ಕ್ರಾಸ್ ಮೆಂಬರ್ ನಡುವೆ ಉದ್ದನೆಯ ಲಿವರ್ ತೂರಿಸಿ ಮೀಟಿದರು. ಆರ್ಮ್ ಕಣ್ಣಿಗೆ ಕಾಣುವಷ್ಟು ಸರಿಯಿತು.

ಹಳೆಯ ಬುಶ್‌ಗಳು ಮೇಜಿನ ಮೇಲೆ ಬಂದಾಗ ಎಲ್ಲವೂ ಬಯಲಾಯಿತು. ಆರ್ಮ್‌ನ ಮುಂಬದಿಯ ಬುಶ್‌ನಲ್ಲಿ ಒಳಗಿನ ಉಕ್ಕಿನ ಕೊಳವೆಯ ಸುತ್ತ ರಬ್ಬರ್ ಅರ್ಧಚಂದ್ರಾಕಾರವಾಗಿ ಬಿಟ್ಟುಕೊಂಡಿತ್ತು, ಉಗುರು ಸಲೀಸಾಗಿ ಒಳಗೆ ಹೋಗುತ್ತಿತ್ತು. ಹಿಂಬದಿಯ ದೊಡ್ಡ ಬುಶ್‌ನ ಹೊರ ಕವಚದ ಅಂಚಿನಲ್ಲಿ ಸುತ್ತಿಗೆಯ ಏಟಿನ ತಗ್ಗುಗಳು. ಪ್ರೆಸ್ ಎಂಬ ಒತ್ತುವ ಯಂತ್ರದಲ್ಲಿ ನೇರವಾಗಿ ಇಳಿಸಬೇಕಾದದ್ದನ್ನು ಬಡಿದು ಕೂರಿಸಿದ್ದರು.

ಮುಂಬದಿಯದು ಹರಿದದ್ದಕ್ಕೆ ಕಾರಣ ಬೇರೆ. ಈ ಬುಶ್ ಬೇರಿಂಗಿನ ಹಾಗೆ ತಿರುಗುವುದಿಲ್ಲ. ಒಳ ಕೊಳವೆಯನ್ನು ಬೋಲ್ಟ್ ಬಿಗಿದು ಹಿಡಿಯುತ್ತದೆ, ಹೊರ ಕವಚ ಆರ್ಮ್ ಜೊತೆ ಆಡುತ್ತದೆ, ಎರಡಕ್ಕೂ ಅಂಟಿದ ರಬ್ಬರ್ ನಡುವೆ ತಿರುಚಿಕೊಳ್ಳುತ್ತದೆ. ಚಕ್ರಗಳು ಗಾಳಿಯಲ್ಲಿ ತೂಗಾಡುತ್ತಿರುವಾಗಲೇ ಬೋಲ್ಟ್ ಬಿಗಿದರೆ, ಕಾರು ಕೆಳಗಿಳಿದ ಗಳಿಗೆಯಿಂದ ರಬ್ಬರ್ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡೇ ಇರುತ್ತದೆ. ಪ್ರತಿಯೊಂದು ಗುಂಡಿಯೂ ಅದನ್ನು ಇನ್ನಷ್ಟು ತಿರುಚುತ್ತದೆ. ಈ ಸಲ ಬೋಲ್ಟ್‌ಗಳನ್ನು ಸಡಿಲವಾಗಿಯೇ ಬಿಟ್ಟು, ಕಾರನ್ನು ಇಳಿಸಿ, ಮುಂಭಾಗವನ್ನು ನಾಲ್ಕು ಸಲ ಅದುಮಿ, ಚಕ್ರಗಳ ಮೇಲೆ ಭಾರ ಇರುವಾಗಲೇ ಟಾರ್ಕ್ ರೆಂಚ್‌ನಿಂದ ಬಿಗಿದರು. ಅದಕ್ಕಾಗಿ ಗ್ಯಾರೇಜಿನ ಗುಂಡಿಗೆ ಇಳಿದು ಕತ್ತು ಓರೆ ಮಾಡಿ ಕೆಲಸ ಮಾಡಬೇಕಾಯಿತು. ಬಹಳ ಕಡೆ ಇದನ್ನು ಬಿಟ್ಟುಬಿಡುವುದು ಏಕೆಂದು ಆಗ ತಿಳಿಯಿತು.

ಒಳಗೆ ಇಳಿಸುವಾಗ ಬಳಸಿದ್ದು ಸೋಪಿನ ನೀರು. ಗ್ರೀಸ್ ಹಚ್ಚಿದರೆ ಸುಲಭ, ಆದರೆ ಎಣ್ಣೆ ಪದಾರ್ಥ ತಾಗಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ರಬ್ಬರಿನ ಬದಲು ಗಟ್ಟಿ ಪ್ಲಾಸ್ಟಿಕ್ ಬಗೆಯ ಪಾಲಿಯುರೆಥೇನ್ ಬುಶ್ ಹೆಚ್ಚು ಬಾಳುತ್ತದೆ ಎಂದು ಅಂಗಡಿಯವರು ಒತ್ತಾಯಿಸಿದ್ದುಂಟು. ಗೆಳೆಯನ ಕಾರಿನಲ್ಲಿ ಅದು ಇದೆ. ತಿರುವುಗಳಲ್ಲಿ ಸ್ಟೀರಿಂಗ್ ಚುರುಕಾಗಿದೆ, ಒಪ್ಪಿದೆ. ಆದರೆ ರಸ್ತೆಯ ತರಿತರಿಯೆಲ್ಲ ಅಂಗೈಗೆ ಬರುತ್ತದೆ, ಅದಕ್ಕೆ ಹಚ್ಚುವ ಸಿಲಿಕೋನ್ ಗ್ರೀಸ್ ಒಣಗಿದರೆ ಕಿರುಗುಟ್ಟುತ್ತದೆ. ಮನೆಮಂದಿಯನ್ನು ಕೂರಿಸಿಕೊಂಡು ಊರಿಗೆ ಹೋಗುವ ಕಾರಿಗೆ ಅದೇಕೆ?

ಖರ್ಚಿನಲ್ಲಿ ಬುಶ್‌ಗಿಂತ ಕೂಲಿಯದೇ ದೊಡ್ಡ ಪಾಲು. ಹಾಗಾಗಿ ಎರಡೂ ಬದಿಯನ್ನು ಒಟ್ಟಿಗೇ ಮಾಡಿಸುವುದು ಲಾಭ. ಆರ್ಮ್‌ನ ಚಕ್ರದ ಕಡೆಯ ಕೀಲಾದ ಬಾಲ್ ಜಾಯಿಂಟ್ ಕೂಡ ಸಡಿಲವಾಗಿ ಆಡುತ್ತಿದ್ದರೆ ಬುಶ್ ಸಮೇತ ಬರುವ ಇಡೀ ಆರ್ಮ್ ಕೊಳ್ಳಬಹುದು, ಪ್ರೆಸ್ ಕೆಲಸವೇ ಬೇಕಾಗುವುದಿಲ್ಲ. ವೀಲ್ ಅಲೈನ್‌ಮೆಂಟ್ ಮಾತ್ರ ತಪ್ಪಿಸುವಂತಿಲ್ಲ. ನನ್ನ ಎಡ ಟೈರಿನ ಒಳ ಅಂಚು ಆಗಲೇ ನುಣ್ಣಗಾಗಿತ್ತು, ಬದಲಾಯಿಸಲೇಬೇಕಾಯಿತು. ಹೊಸ ಟೈರ್ ಈಗ ಸಮನಾಗಿ ಸವೆಯುತ್ತಿದೆ, ಸ್ಟೀರಿಂಗ್ ಎಡಕ್ಕೆ ಎಳೆಯುವುದೂ ನಿಂತಿದೆ.

ಬುಶ್‌ಗೆ ಐದರಲ್ಲಿ ನಾಲ್ಕು ಅಂಕ. ಹಿಂಬದಿಯ ಬುಶ್‌ನ ರಬ್ಬರಿನಲ್ಲಿ ಎರಡು ಕಿಂಡಿಗಳಿವೆ, ಅವು ಯಾವ ದಿಕ್ಕಿಗೆ ಕೂರಬೇಕೆಂಬುದು ಮುಖ್ಯ. ಪೊಟ್ಟಣದಲ್ಲಿ ಅದನ್ನು ತಿಳಿಸುವ ಒಂದು ಚೀಟಿಯೂ ಇರಲಿಲ್ಲ. ಮೆಕ್ಯಾನಿಕ್ ಹಳೆಯದನ್ನು ತೆಗೆಯುವ ಮೊದಲು ಆರ್ಮ್ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದುಕೊಂಡಿದ್ದರಿಂದ ಕೆಲಸ ಕೆಡಲಿಲ್ಲ.