ಸ್ಮಾರ್ಟ್ ಕಾರ್ಟ್‌ನಲ್ಲಿ ಹಣ್ಣು ತರಕಾರಿ: ತೂಕ ಸರಿ, ಹೆಸರು ಮಾತ್ರ ನೋಡಿಕೊಳ್ಳಿ

ನಾನು ಹೋಗುವ ಸೂಪರ್‌ಮಾರ್ಕೆಟ್‌ಗೆ ಸ್ಮಾರ್ಟ್ ಕಾರ್ಟ್ ಬಂದು ವರ್ಷದ ಮೇಲಾಯಿತು. ಅಂದರೆ ತಕ್ಕಡಿ, ಕ್ಯಾಮೆರಾ, ಸ್ಕ್ರೀನ್ ಇರುವ ಟ್ರಾಲಿ; ಒಳಗೆ ಇಟ್ಟದ್ದನ್ನು ಗುರುತು ಹಿಡಿದು, ತೂಗಿ, ತಾನೇ ಬಿಲ್ ಮಾಡುತ್ತದೆ. ಆಗಿನಿಂದ ಹಣ್ಣು, ತರಕಾರಿ, ಸೊಪ್ಪು ಎಲ್ಲವನ್ನೂ ಅದರಲ್ಲೇ ತೂಗಿಕೊಂಡು ತರುತ್ತಿದ್ದೇನೆ. ಪ್ಯಾಕೆಟ್ ಸಾಮಾನಿನ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಬಾರ್‌ಕೋಡ್ ಇದ್ದರೆ ಕಾರ್ಟ್‌ಗೆ ಅದೇನು ದೊಡ್ಡ ಕೆಲಸವಲ್ಲ. ಬಿಡಿಯಾಗಿ ಗುಡ್ಡೆ ಹಾಕಿರುವ ಟೊಮೆಟೊ, ಸೇಬು, ಶುಂಠಿ ಬಂದಾಗಲೇ ಅದರ ಯೋಗ್ಯತೆ ಗೊತ್ತಾಗೋದು.

ಅಂಕ ಮೊದಲೇ ಹೇಳಿಬಿಡುತ್ತೇನೆ. ತೂಕಕ್ಕೆ ಐದಕ್ಕೆ ನಾಲ್ಕೂವರೆ. ಗುರುತು ಹಿಡಿಯುವುದಕ್ಕೆ ಮೂರು.

ತೂಕದ ಬಗ್ಗೆ ಜನಕ್ಕೆ ಅನುಮಾನ ಜಾಸ್ತಿ. ಚಕ್ರದ ಮೇಲೆ ಓಡಾಡುವ ತಕ್ಕಡಿಯನ್ನು ನಂಬೋದು ಹೇಗೆ ಅಂತ ಕೇಳುತ್ತಾರೆ. ಒಳಗಿರುವುದು ಲೋಡ್ ಸೆಲ್. ಭಾರ ಬಿದ್ದಾಗ ಕಣ್ಣಿಗೆ ಕಾಣದಷ್ಟು ಬಾಗುವ ಒಂದು ಲೋಹದ ತುಂಡು, ಅದಕ್ಕೆ ಅಂಟಿಸಿದ ಸ್ಟ್ರೇನ್ ಗೇಜ್. ಲೋಹ ಬಾಗಿದಂತೆ ಗೇಜ್‌ನ ವಿದ್ಯುತ್ ರೋಧ ಬದಲಾಗುತ್ತದೆ, ಅದನ್ನೇ ಗ್ರಾಂ ಲೆಕ್ಕಕ್ಕೆ ತಿರುಗಿಸುತ್ತಾರೆ. ಕೌಂಟರಿನ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇರುವುದೂ ಸಾಮಾನ್ಯವಾಗಿ ಇದೇ. ವ್ಯತ್ಯಾಸ ಇಷ್ಟೇ, ಅದು ಒಂದು ಕಡೆ ಕೂತಿರುತ್ತದೆ, ಇದು ನಮ್ಮ ಜೊತೆ ತಿರುಗುತ್ತದೆ. ಹಾಗಾಗಿ ತೂಗುವಾಗ ಕಾರ್ಟ್ ನಿಂತಿರಬೇಕು. ಹಿಡಿಕೆಯ ಮೇಲೆ ಮೈಭಾರ ಬಿಡಬಾರದು. ಹೆಗಲಿನ ಬ್ಯಾಗ್ ಬುಟ್ಟಿಗೆ ತಾಗಿಕೊಂಡಿದ್ದರೂ ಅಂಕಿ ಅಲ್ಲಾಡುತ್ತದೆ. ನಮ್ಮ ಅಂಗಡಿಯ ಕಾರ್ಟ್‌ನಲ್ಲಿ ತೂಕ ನಿಂತ ಮೇಲೆ ಅಂಕಿಯ ಪಕ್ಕ ಒಂದು ಹಸಿರು ಚುಕ್ಕೆ ಬರುತ್ತದೆ. ಅದು ಬರುವವರೆಗೆ ನಾನು ಇನ್ನೊಂದು ವಸ್ತುವಿಗೆ ಕೈ ಹಾಕುವುದಿಲ್ಲ. ಅಂಗಡಿಯ ಕೌಂಟರ್ ತಕ್ಕಡಿಯಲ್ಲಿ ಅದೇ ಚೀಲವನ್ನು ಆಗಾಗ ತೂಗಿ ನೋಡಿದ್ದೇನೆ. ಗೊಣಗುವಷ್ಟು ವ್ಯತ್ಯಾಸ ಯಾವತ್ತೂ ಸಿಕ್ಕಿಲ್ಲ.

ಆದರೆ ಒಂದು ಸಣ್ಣ ಪಟ್ಟಿಯನ್ನು ಎಲ್ಲರೂ ಒಮ್ಮೆ ಓದಲೇಬೇಕು. ವ್ಯಾಪಾರಕ್ಕೆ ಬಳಸುವ ಇಂಥ ತಕ್ಕಡಿಗಳ ಮೇಲೆ ಮ್ಯಾಕ್ಸ್, ಮಿನ್, ಇ ಅಂತ ಬರೆದಿರುತ್ತಾರೆ. ಕಾರ್ಟ್‌ನಲ್ಲಿ ಅದು ಸ್ಕ್ರೀನ್‌ನಲ್ಲೋ ತಳದ ಅಂಚಿನಲ್ಲೋ ಇರುತ್ತದೆ. ಇ ಅಂದರೆ ಆ ತಕ್ಕಡಿ ಎಷ್ಟು ಗ್ರಾಂನ ಮೆಟ್ಟಿಲಲ್ಲಿ ಲೆಕ್ಕ ಹಾಕುತ್ತದೆ ಅನ್ನುವುದು. ಮ್ಯಾಕ್ಸ್ ಅಂದರೆ ಅದಕ್ಕಿಂತ ಹೆಚ್ಚು, ಮಿನ್ ಅಂದರೆ ಅದಕ್ಕಿಂತ ಕಡಿಮೆ ತೂಗಬೇಡಿ ಅಂತ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಇರುವ, ನಿಖರತೆಯ ಲೆಕ್ಕದಲ್ಲಿ ಮೂರನೇ ದರ್ಜೆಯ ತಕ್ಕಡಿಗೆ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಮಿನ್ ಅನ್ನುವುದು ಇ-ಯ 20 ಪಟ್ಟು. ಇ 5 ಗ್ರಾಂ ಆಗಿದ್ದರೆ ಮಿನ್ 100 ಗ್ರಾಂ. ಎರಡು ಕೆಜಿ ಆಲೂಗಡ್ಡೆಯಲ್ಲಿ 5 ಗ್ರಾಂ ಹೆಚ್ಚು ಕಡಿಮೆ ಆದರೆ ಯಾರಿಗೂ ನಷ್ಟವಿಲ್ಲ. ಬೆರಳುದ್ದದ ಶುಂಠಿ, ನಾಲ್ಕು ಹಸಿಮೆಣಸಿನಕಾಯಿ, ಒಂದು ಗಡ್ಡೆ ಬೆಳ್ಳುಳ್ಳಿಯಲ್ಲಿ ಅದೇ 5 ಗ್ರಾಂ ದೊಡ್ಡ ಪಾಲು. ಅಂಥವನ್ನು ನಾನು ಕೌಂಟರಿನ ಸಣ್ಣ ತಕ್ಕಡಿಗೇ ಕೊಡುತ್ತೇನೆ, ಇಲ್ಲವೇ ಒಂದೇ ಸಲ ಜಾಸ್ತಿ ತರುತ್ತೇನೆ.

ಕವರಿನ ತೂಕ ಕಳೆಯುವ ಸೌಲಭ್ಯವನ್ನೂ ಮರೆಯಬೇಡಿ. ಮನೆಯಿಂದ ಬಟ್ಟೆ ಚೀಲ ತಂದಿದ್ದರೆ ಖಾಲಿ ಚೀಲ ಇಟ್ಟು ತೂಕವನ್ನು ಸೊನ್ನೆ ಮಾಡಿ, ಆಮೇಲೆ ತುಂಬಿ. ಸೊಪ್ಪಿಗೆ ನೀರು ಚಿಮುಕಿಸಿದ್ದರೆ ಚೆನ್ನಾಗಿ ಒದರಿಯೇ ಇಡಿ. ನೀರಿಗೂ ತೂಕ ಇದೆ ಅಲ್ವಾ?

ಈಗ ಗುರುತಿನ ವಿಷಯ. ಅಮೆಜಾನ್‌ನ ಡ್ಯಾಶ್ ಕಾರ್ಟ್ ಅನ್ನುವ ಸ್ಮಾರ್ಟ್ ಕಾರ್ಟ್ 2020ರಲ್ಲಿ ಬಂದಾಗ ಹಣ್ಣಿನ ಸ್ಟಿಕ್ಕರ್ ಮೇಲಿನ 4 ಅಂಕಿಯ ನಂಬರನ್ನು ನಾವೇ ಸ್ಕ್ರೀನ್‌ನಲ್ಲಿ ಒತ್ತಬೇಕಿತ್ತು. ಬಾಳೆಹಣ್ಣಿಗೆ 4011 ಅನ್ನುವ ಥರದ್ದು. ಸಾವಯವ ಆಗಿದ್ದರೆ ಮುಂದೆ ಒಂದು 9 ಸೇರಿ 94011. ಈಗಿನ ಕೆಲವು ಕಾರ್ಟ್‌ಗಳಲ್ಲಿ ಕ್ಯಾಮೆರಾ ನೋಡಿ ತಾನೇ ಊಹಿಸುತ್ತದೆ. ನಮ್ಮಲ್ಲಿರುವುದು ಮೂರ್ನಾಲ್ಕು ಚಿತ್ರ ತೋರಿಸಿ ಒಂದನ್ನು ಒತ್ತಲು ಹೇಳುತ್ತದೆ.

ಕ್ಯಾರೆಟ್, ಬಾಳೆಹಣ್ಣು, ಈರುಳ್ಳಿಯಲ್ಲಿ ಸುಲಭವಾಗಿ ಗೆಲ್ಲುತ್ತದೆ. ಕೊತ್ತಂಬರಿ ಮತ್ತು ಪಾರ್ಸ್ಲಿ, ಸೌತೆ ಮತ್ತು ಜುಕಿನಿ ಬಂದಾಗ ತಡವರಿಸುತ್ತದೆ. ಸೇಬಿನಲ್ಲಂತೂ ತೀರಾ ಕಷ್ಟ. ಕೆಂಪು ಗೆರೆಯ ಗಾಲಾ ಮತ್ತು ಫ್ಯೂಜಿ ಅಕ್ಕಪಕ್ಕ ಇಟ್ಟರೆ ನಮಗೇ ಗೊಂದಲ, ಇನ್ನು ಮೇಲಿನಿಂದ ಇಣುಕುವ ಕ್ಯಾಮೆರಾಕ್ಕೆ ಹೇಗೆ ಗೊತ್ತಾಗಬೇಕು? ಸಾವಯವ ಹೌದೋ ಅಲ್ಲವೋ ಅನ್ನುವುದಂತೂ ಬಣ್ಣದಲ್ಲಿ, ಆಕಾರದಲ್ಲಿ ಎಲ್ಲೂ ಕಾಣುವುದಿಲ್ಲ. ಅದಕ್ಕೆ ಸ್ಟಿಕ್ಕರ್ ನಂಬರೇ ಗತಿ. ಹೊಸ ತಳಿ ಬಂದ ವಾರ ಪಟ್ಟಿಯಲ್ಲಿ ಅದರ ಚಿತ್ರವೇ ಇರಲಿಲ್ಲ. ಹತ್ತಿರದ ಇನ್ನೊಂದು ಸೇಬನ್ನು ತೋರಿಸುತ್ತಿತ್ತು, ಅದರ ದರ ಬೇರೆ. ಸಿಬ್ಬಂದಿ ಬಂದು ನಂಬರ್ ಒತ್ತಿ ಸರಿ ಮಾಡಿದರು.

ನನಗೆ ಮುಖ್ಯ ಅನ್ನಿಸುವುದು ಇಲ್ಲೇ. ತಕ್ಕಡಿ ತಪ್ಪಿದರೆ ಹೋಗುವುದು ಐದು ಹತ್ತು ಗ್ರಾಂ. ಹೆಸರು ತಪ್ಪಿದರೆ ಇಡೀ ಚೀಲಕ್ಕೆ ಬೇರೆ ದರ ಬೀಳುತ್ತದೆ. ಜನ ಅಂಕಿಯನ್ನು ಎರಡು ಸಲ ನೋಡುತ್ತಾರೆ, ಚಿತ್ರವನ್ನು ಸುಮ್ನೆ ಒತ್ತಿಬಿಡುತ್ತಾರೆ. ಅದನ್ನು ತಿರುವುಮುರುವು ಮಾಡಬೇಕು. ಮೊದಲು ಹೆಸರು ಓದಿ, ಅದರ ಕೆಳಗಿನ ಕೆಜಿ ದರವನ್ನು ಕಟ್ಟೆಯ ಮೇಲಿನ ಬೋರ್ಡ್‌ಗೆ ಹೋಲಿಸಿ, ಆಮೇಲೆ ಒತ್ತಿ.

ಕ್ಯಾಮೆರಾಕ್ಕೆ ನಾವೂ ಸ್ವಲ್ಪ ಸಹಾಯ ಮಾಡಬಹುದು. ಕವರಿನ ಬಾಯಿ ಕಟ್ಟುವ ಮೊದಲೇ ತೋರಿಸಿ, ಪ್ಲಾಸ್ಟಿಕ್ ಮೇಲೆ ದೀಪ ಹೊಳೆದರೆ ಒಳಗಿನದು ಕಾಣುವುದಿಲ್ಲ. ಸೊಪ್ಪಿನ ಬುಡಕ್ಕಿಂತ ಎಲೆಯ ಕಡೆ ಮೇಲೆ ಬರಲಿ. ಒಂದು ಚೀಲದಲ್ಲಿ ಎರಡು ಬಗೆ ಬೇಡವೇ ಬೇಡ.

ಇಷ್ಟೆಲ್ಲ ಇದ್ದರೂ ನಾನು ಹಳೆಯ ಟ್ರಾಲಿಗೆ ವಾಪಸ್ ಹೋಗಿಲ್ಲ. ಚೀಲಕ್ಕೆ ಬೀನ್ಸ್ ಹಾಕುತ್ತಿದ್ದಂತೆ ತೂಕವೂ ದುಡ್ಡೂ ಕಣ್ಣೆದುರೇ ಏರುವುದು ತುಂಬ ಉಪಯೋಗ. ಎಲ್ಲಿ ಸಾಕು ಅನ್ನಿಸುತ್ತದೋ ಅಲ್ಲಿ ಕೈ ನಿಲ್ಲುತ್ತದೆ. ಮನೆಯಲ್ಲಿ ಬಾಡಿ ಹೋಗುತ್ತಿದ್ದ ತರಕಾರಿ ನಿಜಕ್ಕೂ ಕಡಿಮೆಯಾಗಿದೆ. ಕೊನೆಯಲ್ಲಿ ಕ್ಯೂ ಇಲ್ಲ ಅನ್ನುವುದು ಎಲ್ಲರಿಗೂ ಗೊತ್ತಿರುವ ಲಾಭ.

ಸರಿಹೋಗಬೇಕಾದದ್ದು ಎರಡು. ಬಿಲ್ ಮಾಡಿದ ಚೀಲದಿಂದ ಎರಡು ಹಣ್ಣು ತೆಗೆದರೆ ಕಾರ್ಟ್ ಅಷ್ಟನ್ನೇ ಕಳೆಯುವುದಿಲ್ಲ, ಇಡೀ ಚೀಲ ಹೊರತೆಗೆದು ಮತ್ತೆ ತೂಗಬೇಕು. ವಯಸ್ಸಾದವರಿಗೆ ಇದು ಸುಸ್ತಿನ ಕೆಲಸ, ಜೊತೆಗೆ ಸ್ಕ್ರೀನ್‌ನ ಅಕ್ಷರವೂ ಸಣ್ಣದು. ಇನ್ನೊಂದು, ಬಿಲ್‌ನಲ್ಲಿ ಬರೀ ಸೇಬು ಅಂತ ಬರುತ್ತದೆ. ಯಾವ ತಳಿ, ಕವರಿಗೆ ಎಷ್ಟು ಕಳೆದಿದ್ದಾರೆ ಅನ್ನುವುದೂ ಅಚ್ಚಾಗಬೇಕು. ಮನೆಗೆ ಹೋದ ಮೇಲೆ ಅನುಮಾನ ಬಂದರೆ ತೋರಿಸಲು ನಮ್ಮ ಕೈಯಲ್ಲಿ ಏನಾದರೂ ಇರಬೇಕಲ್ಲ. ಅಂಗಡಿಯವರಿಗೆ ಬರೆದುಕೊಟ್ಟಿದ್ದೇನೆ. ಅದು ಆಗುವವರೆಗೆ ದರ ಜಾಸ್ತಿ ಇರುವ ಹಣ್ಣು ತೂಗಿದಾಗ ಸ್ಕ್ರೀನ್‌ನ ಒಂದು ಫೋಟೊ ತೆಗೆದಿಟ್ಟುಕೊಳ್ಳುತ್ತಿದ್ದೇನೆ, ನೀವೂ ಹಾಗೇ ಮಾಡಿ.